ನೆಟ್ಟವರ ಲೆಕ್ಕ ಸಾಕು, ನೀರೆರೆದವರ ಲೆಕ್ಕ ಬೇಕು

ಮಾರ್ಚ್ ತಿಂಗಳ ಬೆಳಗಿನ ಹೊತ್ತು ತುಮಕೂರಿನ ಯಾವುದಾದರೂ ಹೊಸ ಬಡಾವಣೆಯಲ್ಲಿ ಹತ್ತು ನಿಮಿಷ ನಡೆದಾಡಿದವರಿಗೆ ಈ ನೋಟ ಹೊಸದೇನಲ್ಲ. ಎದೆಮಟ್ಟದ ಕಬ್ಬಿಣದ ಟ್ರೀ ಗಾರ್ಡ್, ಅದಕ್ಕೆ ತಂತಿಯಲ್ಲಿ ಬಿಗಿದ ತಗಡಿನ ಹಲಗೆ, ಹಲಗೆಯ ಮೇಲೆ ಗಿಡ ಕೊಡಿಸಿದವರ ಹೆಸರು. ಒಳಗೆ ಇಣುಕಿದರೆ ಒಂದು ಒಣ ಕಡ್ಡಿ, ಅರೆಬರೆ ಒಣಗಿದ ಪಾರ್ಥೇನಿಯಂ, ಯಾರೋ ಎಸೆದ ಟೀ ಲೋಟ. ಕಡ್ಡಿ ಹಿಡಿದು ಎಳೆದರೆ ಸಲೀಸಾಗಿ ಮೇಲೆ ಬರುತ್ತದೆ, ಬೇರಿಗೆ ಸುತ್ತಿಕೊಂಡ ಕಪ್ಪು ಪಾಲಿಥಿನ್ ಚೀಲದ ಸಮೇತ. ನರ್ಸರಿಯಿಂದ ಬಂದ ಚೀಲವನ್ನು ಹರಿಯದೆ ಹಾಗೆಯೇ ಗುಂಡಿಗೆ ಇಳಿಸಿ ಮಣ್ಣೆಳೆದಿದ್ದಾರೆ. ಫೋಟೊದಲ್ಲಿ ಅದು ಕಾಣುವುದಿಲ್ಲವಲ್ಲ!

ಗಿಡ ನೆಡುವುದು ಅರ್ಧ ಗಂಟೆಯ ಕೆಲಸ. ಅಷ್ಟಕ್ಕೆ ಈ ದೇಶದಲ್ಲಿ ಜನರ ಕೊರತೆ ಯಾವತ್ತೂ ಇರಲಿಲ್ಲ. 1950ರ ಜುಲೈನಲ್ಲಿ ಅಂದಿನ ಕೇಂದ್ರ ಸಚಿವ ಕೆ.ಎಂ. ಮುನ್ಶಿ ವನಮಹೋತ್ಸವಕ್ಕೆ ಚಾಲನೆ ಕೊಟ್ಟರು. ಆಮೇಲೆ ಜೂನ್ 5ರ ವಿಶ್ವ ಪರಿಸರ ದಿನವೂ ಸೇರಿಕೊಂಡಿತು. ಜೂನ್, ಜುಲೈ ಬಂತೆಂದರೆ ಶಾಲೆ, ಕಚೇರಿ, ಬ್ಯಾಂಕು, ಅಭಿಮಾನಿ ಸಂಘ ಎಲ್ಲರ ಕೈಯಲ್ಲೂ ಸಸಿ. ಮಳೆ ಇರುವಷ್ಟು ದಿನ ಸಸಿ ನಗುತ್ತದೆ. ಬಯಲುಸೀಮೆಯಲ್ಲಿ ನವೆಂಬರ್ ದಾಟಿದ ಮೇಲೆ ಆಕಾಶ ಕೈಬಿಡುತ್ತದೆ. ಅಲ್ಲಿಂದ ಮೇ ತಿಂಗಳ ಮುಂಗಾರುಪೂರ್ವ ಮಳೆಯವರೆಗೆ ಆರು ತಿಂಗಳು ಆ ಸಸಿಗೆ ದಿಕ್ಕು ಯಾರು?

ಆ ಆರು ತಿಂಗಳ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುವವರು ಬಡಾವಣೆಗಳ ಹವ್ಯಾಸಿ ತೋಟಗಾರರು. ಕೆಲವೆಡೆ ಅವರಿಗೆ ಸಂಘವೆಂಬ ಹೆಸರಿದೆ, ಕೆಲವೆಡೆ ಒಂದು ವಾಟ್ಸ್‌ಆ್ಯಪ್ ಗುಂಪು ಅಷ್ಟೇ. ನಿವೃತ್ತ ಮೇಷ್ಟ್ರು, ಔಷಧ ಅಂಗಡಿಯವರು, ಕಾಲೇಜು ಹುಡುಗರು, ಮನೆಯ ಮುಂದಿನ ಪಾರ್ಕಿಗೆ ವಾಕಿಂಗ್ ಬರುವ ಹೆಂಗಸರು. ಭಾನುವಾರ ಬೆಳಗ್ಗೆ ಆರೂವರೆಗೆ ಗುದ್ದಲಿ, ಹಾರೆ, ಮಂಕರಿ ಹಿಡಿದು ಬರುತ್ತಾರೆ. ಪಾತಿ ಬಿಡಿಸುತ್ತಾರೆ, ಕಳೆ ಕೀಳುತ್ತಾರೆ, ಬಾಗಿದ ಗಿಡಕ್ಕೆ ಗೂಟ ಕೊಡುತ್ತಾರೆ, ಬಿಂದಿಗೆಯಲ್ಲಿ ನೀರು ಹೊರುತ್ತಾರೆ. ಎಂಟೂವರೆಗೆ ಯಾರದೋ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ಬರುತ್ತದೆ. ಅಲ್ಲಿಗೆ ಆ ವಾರದ ಸಭೆ ಮುಗಿಯಿತು. ಇಂಥವರಿಗೆ ಆಡಳಿತ ಕೊಡುವ ಜಾಗ ಇಂದಿಗೂ ಜೂನ್ 5ರ ಸಮಾರಂಭದ ಹಿಂದಿನ ಸಾಲಿನ ಕುರ್ಚಿ ಮಾತ್ರ. ಇದು ಬದಲಾಗಬೇಕು. ಇಂಥ ಗುಂಪುಗಳ ಕೈಗೆ ಬೀದಿಯ ಗಿಡಗಳನ್ನು ಬರಹದಲ್ಲಿ ಒಪ್ಪಿಸಿ, ನೀರು ಕೊಟ್ಟು, ಉಳಿದ ಗಿಡಗಳ ಲೆಕ್ಕ ಕೇಳುವ ಪದ್ಧತಿ ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಶುರುವಾಗಬೇಕು.

ಈ ಮೂರು ಊರುಗಳ ಹೆಸರನ್ನೇ ಒಟ್ಟಿಗೆ ಹಿಡಿಯಲು ಕಾರಣವಿದೆ. ಕರ್ನಾಟಕ ಕಂಡ ಅತ್ಯಂತ ಚಿಕ್ಕ ತೋಟಗಾರಿಕೆ ಸಂಘ ಇಲ್ಲಿನ ಮಣ್ಣಿಗೆ ನಂಟಿರುವಂಥದು. ಅದರಲ್ಲಿದ್ದವರು ಇಬ್ಬರೇ ಸದಸ್ಯರು, ಗಂಡ ಮತ್ತು ಹೆಂಡತಿ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ತಿಮ್ಮಕ್ಕ, ಕುಣಿಗಲ್‌ಗೆ ತಾಗಿಕೊಂಡೇ ಇರುವ ಮಾಗಡಿ ತಾಲ್ಲೂಕಿನ ಹುಲಿಕಲ್‌ಗೆ ಸೊಸೆಯಾಗಿ ಹೋದರು. ಕಲ್ಲುಕ್ವಾರಿಯಲ್ಲಿ ಕೂಲಿ ಮಾಡುತ್ತಿದ್ದ ಅವರೂ ಪತಿ ಚಿಕ್ಕಯ್ಯನವರೂ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಆಲದ ಸಸಿ ನೆಟ್ಟರು. ಒಟ್ಟು 385 ಮರ, ಸುಮಾರು ನಾಲ್ಕೂವರೆ ಕಿಲೋಮೀಟರ್ ಉದ್ದದ ನೆರಳು. 1995ರಲ್ಲಿ ರಾಷ್ಟ್ರೀಯ ನಾಗರಿಕ ಪ್ರಶಸ್ತಿ, 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 114 ವರ್ಷ.

ಸಾಲುಮರದ ತಿಮ್ಮಕ್ಕ ಎಂದೊಡನೆ ಎಲ್ಲರ ಬಾಯಲ್ಲೂ ಬರುವುದು ಮಕ್ಕಳಿಲ್ಲದ ತಾಯಿ ಮರಗಳನ್ನೇ ಮಕ್ಕಳೆಂದುಕೊಂಡ ಕಥೆ. ಪಠ್ಯಪುಸ್ತಕದಲ್ಲಿ, ವೇದಿಕೆಯಲ್ಲಿ, ಟ್ಯಾಬ್ಲೊದಲ್ಲಿ ಅದೇ ಕಥೆ. ಆದರೆ ಅವರು ಮಾಡಿದ್ದನ್ನು ಕೆಲಸವೆಂದು ನೋಡಿದವರು ಕಡಿಮೆ. ಮೊದಲ ವರ್ಷ ನೆಟ್ಟದ್ದು ಹತ್ತು ಸಸಿ. ಎರಡನೇ ವರ್ಷ ಹದಿನೈದು, ಮೂರನೇ ವರ್ಷ ಇಪ್ಪತ್ತು. ಊರಿನಲ್ಲಿ ಧಾರಾಳವಾಗಿ ಸಿಗುತ್ತಿದ್ದ ಆಲವನ್ನೇ ಆರಿಸಿಕೊಂಡರು, ದುಡ್ಡು ಕೊಟ್ಟು ತರಬೇಕಾಗಿರಲಿಲ್ಲ. ಮಳೆಗಾಲದಲ್ಲಿ ನೆಟ್ಟರು, ಬೇರು ಹಿಡಿಯುವವರೆಗೆ ಮಳೆಯೇ ನೋಡಿಕೊಳ್ಳಲಿ ಎಂದು. ದನ, ಮೇಕೆ ಬಾಯಿ ಹಾಕದಂತೆ ಮುಳ್ಳು ಕಟ್ಟಿದರು. ಬೇಸಿಗೆಯಲ್ಲಿ ನಾಲ್ಕು ಕೊಡ ನೀರನ್ನು ಕಿಲೋಮೀಟರ್‌ಗಟ್ಟಲೆ ಹೊತ್ತು ಉಣಿಸಿದರು.

ಹತ್ತು, ಹದಿನೈದು, ಇಪ್ಪತ್ತು. ಈ ಸಂಖ್ಯೆಗಳಲ್ಲಿ ದೊಡ್ಡ ಲೆಕ್ಕಾಚಾರ ಅಡಗಿದೆ. ಇಬ್ಬರ ಹೆಗಲು ಎಷ್ಟು ಕೊಡ ಹೊರಬಲ್ಲದೋ ಅಷ್ಟೇ ಗಿಡ. ಹಿಂದಿನ ವರ್ಷದ ಗಿಡ ತಾನೇ ನಿಲ್ಲುವಂತಾದ ಮೇಲೆ ಮುಂದಿನ ವರ್ಷ ಐದು ಜಾಸ್ತಿ. ಇಂದು ಒಂದೇ ದಿನ ಲಕ್ಷ ಸಸಿ ನೆಡುವ ಗುರಿ ಹಾಕಿಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಅಕ್ಷರ ಕಲಿಯದ ಆ ದಂಪತಿ ಮೊದಲ ದಿನವೇ ಕೇಳಿಕೊಂಡಿದ್ದರು. ನೀರು ಹೊರುವವರು ಯಾರು?

ಆ ಮರಗಳೂ ಗಂಡಾಂತರ ಕಂಡಿವೆ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣಕ್ಕೆ ಅವು ಬಲಿಯಾಗಬಹುದು ಎಂಬ ಸುದ್ದಿ ಬಂದಾಗ ತಿಮ್ಮಕ್ಕ ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರನ್ನೂ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರನ್ನೂ ಕೇಳಿಕೊಂಡರು. ಸರಕಾರ ಬೇರೆ ದಾರಿ ನೋಡಲು ಒಪ್ಪಿತು. ಪದ್ಮಶ್ರೀ ಇದ್ದವರ ಮಾತು ನಡೆಯಿತು. ತುಮಕೂರಿನ ಬಿ.ಎಚ್. ರಸ್ತೆಯ ಬದಿಯ ಹೊಂಗೆ ಮರಕ್ಕೆ ಹತ್ತು ವರ್ಷ ನೀರೆರೆದವರ ಮಾತು ನಡೆಯುತ್ತದೆಯೇ? ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಇದೆ, ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಆದರೆ ಆ ಅನುಮತಿ ಕೊಡುವಾಗ ಗಿಡ ಬೆಳೆಸಿದ ಗುಂಪಿಗೆ ಒಂದು ಮಾತು ತಿಳಿಸುವ ವಾಡಿಕೆ ಎಲ್ಲಿಯೂ ಬೆಳೆದಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಬುಡ ಮಾತ್ರ ಉಳಿದಿರುತ್ತದೆ.

ಉಳಿದ ಗಿಡಕ್ಕೆ ಲೆಕ್ಕ ಕೊಡುವುದು ಸರಕಾರಕ್ಕೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011–12ರಿಂದ ನಡೆಯುತ್ತಿದೆ. ರೈತರು ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ಒಯ್ದು ಹೊಲದ ಬದುವಿನಲ್ಲಿ ನೆಡುತ್ತಾರೆ. ನೆಟ್ಟದ್ದಕ್ಕೆ ಕಾಸಿಲ್ಲ. ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ ಪ್ರೋತ್ಸಾಹಧನ ನಿಗದಿಯಾಗಿದೆ. ಇಲಾಖೆಯವರು ಬಂದು ಎಣಿಸುತ್ತಾರೆ. ಮರ ಬೆಳೆಸುವ ಯೋಜನೆಗಳಲ್ಲಿ ಇಷ್ಟು ನೇರವಾದದ್ದು ಇನ್ನೊಂದಿಲ್ಲ.

ಇದೇ ನಿಯಮವನ್ನು ಊರ ಬೀದಿಗೂ ತರಬಹುದು. ಒಂದು ಗುಂಪು ಐವತ್ತು ಗಿಡ ವಹಿಸಿಕೊಂಡು ಅಷ್ಟನ್ನೂ ಮೂರು ವರ್ಷ ಉಳಿಸಿದರೆ ಈ ದರದಲ್ಲಿ ಸಿಗುವುದು 6,250 ರೂಪಾಯಿ. ಒಂದು ದಿನದ ಸಮಾರಂಭದ ಶಾಮಿಯಾನ, ಕುರ್ಚಿ, ಹಾರ ತುರಾಯಿಗೂ ಅದು ಸಾಲುವುದಿಲ್ಲ. ಸಂಘದವರು ಆ ಹಣಕ್ಕಾಗಿ ಕಾಯುತ್ತಲೂ ಇಲ್ಲ. ಗುದ್ದಲಿಯ ಕಾವು ಬದಲಿಸಲು, ಮುರಿದ ಗಾರ್ಡ್ ಬೆಸುಗೆ ಹಾಕಿಸಲು ಅಷ್ಟು ಸಾಕು. ಮುಖ್ಯವಾದದ್ದು ಎಣಿಕೆ. ವರ್ಷಕ್ಕೊಮ್ಮೆ ಒಬ್ಬ ಅಧಿಕಾರಿ ಬಂದು ಎಣಿಸುತ್ತಾನೆ ಎಂದಾದರೆ ಚೀಲ ಹರಿಯದೆ ನೆಡುವ ಚಾಳಿ ತಾನಾಗಿಯೇ ನಿಲ್ಲುತ್ತದೆ.

ಇನ್ನು ನೀರು. ಈ ಜಿಲ್ಲೆಯಲ್ಲಿ ನೀರಿನ ಮಾತು ಬಂದರೆ ದನಿ ಏರುತ್ತದೆ. ಹೇಮಾವತಿ ನದಿ ನೀರಿನ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿಷಯದಲ್ಲಿ ಗುಬ್ಬಿಯದು ಒಂದು ಮಾತು, ಕುಣಿಗಲ್‌ನದು ಇನ್ನೊಂದು. 2025ರ ಬೇಸಿಗೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಜನ ಅದನ್ನು ವಿರೋಧಿಸಿ ಬೀದಿಗಿಳಿದರು. ತುಮಕೂರು ನಗರ ಕುಡಿಯುವುದೂ ಬುಗುಡನಹಳ್ಳಿ ಕೆರೆಗೆ ಬಂದು ನಿಲ್ಲುವ ಅದೇ ಹೇಮಾವತಿಯನ್ನು. ಕುಡಿಯುವ ನೀರನ್ನು ರಸ್ತೆ ಗಿಡಕ್ಕೆ ಸುರಿಯಿರಿ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಹಾಗೆ ಸುರಿಯುವ ಅಗತ್ಯವೂ ಇಲ್ಲ. ಭೀಮಸಂದ್ರದಲ್ಲಿ ನಗರದ ಕೊಳಚೆ ನೀರು ಶುದ್ಧೀಕರಿಸುವ ಘಟಕವಿದೆ. ಎಳೆಯ ಗಿಡಕ್ಕೆ ವಾರಕ್ಕೆರಡು ಸಲ, ಸಲಕ್ಕೆ ಹದಿನೈದು ಲೀಟರಿನಂತೆ ಹಾಕಿದರೆ ಐವತ್ತು ಗಿಡಕ್ಕೆ ವಾರಕ್ಕೆ ಬೇಕಾದದ್ದು 1,500 ಲೀಟರ್. ಜನವರಿಯಿಂದ ಮೇವರೆಗಿನ ಇಪ್ಪತ್ತು ವಾರಕ್ಕೆ 30 ಸಾವಿರ ಲೀಟರ್, ಅಂದರೆ ಐದು ಸಾವಿರ ಲೀಟರಿನ ಆರು ಟ್ಯಾಂಕರ್. ಪಾಲಿಕೆ ಒಂದು ಸಂಘಕ್ಕೆ ಇಡೀ ಬೇಸಿಗೆಗೆ ಆರು ಟ್ಯಾಂಕರ್ ಸಂಸ್ಕರಿಸಿದ ನೀರು ಕೊಡಲಾರದಷ್ಟು ಬಡವಾಗಿಲ್ಲ. ಪಾರ್ಕಿನ ಮೂಲೆಯಲ್ಲಿ ಒಂದು ಸಿಂಟೆಕ್ಸ್ ಟ್ಯಾಂಕ್ ಇಟ್ಟು ತುಂಬಿಸಿಕೊಟ್ಟರೆ ಬಿಂದಿಗೆ ಹೊರುವವರು ಇದ್ದೇ ಇದ್ದಾರೆ. ಮನೆಯಲ್ಲಿ ಅಕ್ಕಿ, ತರಕಾರಿ ತೊಳೆದ ನೀರೂ ಸಲ್ಲುತ್ತದೆ. ಕುಡಿಯುವ ನೀರಿನ ಆರ್‌ಒ ಘಟಕಗಳು ಹೊರಬಿಡುವ ನೀರನ್ನು ಮಾತ್ರ ನೆಚ್ಚಿಕೊಳ್ಳಬಾರದು. ಅದರಲ್ಲಿ ಲವಣ ಜಾಸ್ತಿ, ಅದನ್ನೇ ಹಾಕುತ್ತಾ ಹೋದರೆ ಮಣ್ಣು ಕೆಡುತ್ತದೆ.

ಹಾಕಿದ ನೀರು ಆರದಂತೆ ನೋಡಿಕೊಳ್ಳುವ ಉಪಾಯವನ್ನು ಈ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. ತೆಂಗಿನ ತೋಟದವರು ಮರದ ಬುಡದಲ್ಲಿ ಗರಿ, ಮಟ್ಟೆ, ಕಾಯಿಯ ಸಿಪ್ಪೆ ಹರಡುವುದನ್ನು ಗುಬ್ಬಿಯ ಮಕ್ಕಳೂ ನೋಡಿದ್ದಾರೆ. ಸಿಪ್ಪೆ ನೀರು ಕುಡಿದು ತಿಂಗಳಾನುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ನಗರದ ಗಿಡದ ಬುಡಕ್ಕೆ ನಾಲ್ಕು ಸಿಪ್ಪೆ ಕವುಚಿಟ್ಟರೆ ಎರಡು ಸಲ ಹಾಕುವ ನೀರು ಒಂದು ಸಲಕ್ಕೆ ಇಳಿಯುತ್ತದೆ. ತಾರಸಿ ತೋಟದ ವಿಚಾರದಲ್ಲಂತೂ ತಮಾಷೆಯೇ ಇದೆ. ಕುಂಡಕ್ಕೆ ಬಳಸುವ ಕೋಕೊಪಿಟ್ ಎಂದರೆ ನಾರು ತೆಗೆದ ಮೇಲೆ ಉಳಿಯುವ ಸಿಪ್ಪೆಯ ಪುಡಿ. ಅದು ರಾಶಿ ಬೀಳುವುದು ಗುಬ್ಬಿ, ತಿಪಟೂರು ಕಡೆಯ ನಾರಿನ ಕಾರ್ಖಾನೆಗಳ ಅಂಗಳದಲ್ಲಿ. ತುಮಕೂರಿನ ಗೃಹಿಣಿ ಅದನ್ನು ಇಟ್ಟಿಗೆಯಾಗಿ ಒತ್ತಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುತ್ತಾಳೆ! ಒಂದು ಸಂಘ ತಿಂಗಳಿಗೊಮ್ಮೆ ಟೆಂಪೊ ಕಳಿಸಿ ಪುಡಿ ತರಿಸಿ, ಎರಡು ಮೂರು ನೀರಿನಲ್ಲಿ ತೊಳೆದು ಲವಣ ತೆಗೆದು, ಕೆಮ್ಮಣ್ಣು ಮತ್ತು ಕಾಂಪೋಸ್ಟ್ ಸಮಪಾಲು ಬೆರೆಸಿ ಸದಸ್ಯರಿಗೆ ಹಂಚಿದರೆ ಖರ್ಚು ಎಷ್ಟೋ ಉಳಿದೀತು.

ಬೆಂಗಳೂರಿನಲ್ಲಿ ಇಂಥ ಹವ್ಯಾಸಿಗಳು ಒಟ್ಟುಗೂಡಿದ್ದರ ಫಲ ಕಣ್ಣೆದುರಿಗಿದೆ. ಡಾ. ಬಿ.ಎನ್. ವಿಶ್ವನಾಥ್ 1990ರ ದಶಕದಿಂದಲೇ ತಾರಸಿಯಲ್ಲಿ ತರಕಾರಿ ಬೆಳೆಯುವುದನ್ನು ಜನರಿಗೆ ಕಲಿಸುತ್ತಾ ಬಂದರು. ಅದರ ಬೆನ್ನಲ್ಲಿ 2011ರಲ್ಲಿ ‘ಊಟ ಫ್ರಮ್ ಯುವರ್ ತೋಟ’ ಎಂಬ ಮೇಳ ಶುರುವಾಯಿತು. ಬೀಜ ಬದಲಾಯಿಸಿಕೊಳ್ಳುವವರು, ಗೊಬ್ಬರ ಮಾರುವವರು, ಬಸಳೆಗೆ ಹತ್ತಿದ ಹುಳುವಿಗೆ ಮದ್ದು ಕೇಳುವವರು ಎಲ್ಲರೂ ಒಂದೇ ಕಡೆ ಸೇರುತ್ತಾರೆ. ತುಮಕೂರಿನ ಅಮಾನಿಕೆರೆಯ ಗಾಜಿನ ಮನೆ ಇಂಥದ್ದಕ್ಕೆ ಹೇಳಿ ಮಾಡಿಸಿದ ಜಾಗ. ವರ್ಷಕ್ಕೊಂದು ಫಲಪುಷ್ಪ ಪ್ರದರ್ಶನ ಕಣ್ಣಿಗೆ ಹಬ್ಬ ನಿಜ, ಆದರೆ ಕಿತ್ತ ಹೂವಿನಲ್ಲಿ ಕಟ್ಟಿದ ಆನೆ, ಗೋಪುರಗಳ ಆಯುಷ್ಯ ಒಂದು ವಾರ. ಮೂರು ತಿಂಗಳಿಗೊಂದು ಬೀಜಸಂತೆ ನಡೆದರೆ ಅದರ ಫಲ ಸಾವಿರ ಮನೆಯ ತಾರಸಿಗೆ ಹೋಗುತ್ತದೆ.

ನಾಗರಿಕರೂ ಸರಕಾರವೂ ಸೇರಿ ತೋಟ ಮಾಡುವುದು ಈ ನಾಡಿಗೆ ಹಳೆಯ ಪಾಠ. ಲಾಲ್‌ಬಾಗ್‌ಗೆ 1908ರಲ್ಲಿ ಬಂದ ಜರ್ಮನ್ ತೋಟಗಾರ ಜಿ.ಎಚ್. ಕ್ರುಂಬಿಗಲ್ ಕಾಲದಲ್ಲಿಯೇ, 1912ರಲ್ಲಿ, ಮೈಸೂರು ಉದ್ಯಾನಕಲಾ ಸಂಘ ಹುಟ್ಟಿತು. ಇಂದಿಗೂ ಆಗಸ್ಟ್ ಮತ್ತು ಜನವರಿಯ ಲಾಲ್‌ಬಾಗ್ ಪ್ರದರ್ಶನದಲ್ಲಿ ಇಲಾಖೆಯ ಜೊತೆಗೆ ಆ ಸಂಘದ ಹೆಸರಿರುತ್ತದೆ. ಮುಂದೆ ತೋಟಗಾರಿಕೆ ನಿರ್ದೇಶಕರಾದ ಡಾ. ಎಂ.ಎಚ್. ಮರಿಗೌಡರು ಇಲಾಖೆಗೆ ಸಂಘವನ್ನು, ನರ್ಸರಿಯವರನ್ನು, ಬೆಳೆಗಾರರ ಮಾರಾಟ ವ್ಯವಸ್ಥೆಯನ್ನು ಕಾಲುಗಳಂತೆ ಜೋಡಿಸಿದರು. ನಾಗರಿಕ ಸಂಘವನ್ನು ಅವರು ಅಲಂಕಾರಕ್ಕೆ ಇಟ್ಟುಕೊಂಡಿರಲಿಲ್ಲ.

ಯಾವ ಗಿಡ ಎಂಬುದರಲ್ಲೂ ಸಂಘದವರ ಮಾತಿಗೆ ಬೆಲೆ ಬರಬೇಕು. ಬೇಗ ಬೆಳೆಯುತ್ತದೆ ಎಂಬ ಒಂದೇ ಕಾರಣಕ್ಕೆ ನೀಲಗಿರಿ ಹಾಕಿ ಬಯಲುಸೀಮೆ ಪಟ್ಟ ಪಾಡು ಸಾಕಷ್ಟಿದೆ. 2017ರಲ್ಲಿ ರಾಜ್ಯ ಸರಕಾರವೇ ನೀಲಗಿರಿ, ಅಕೇಶಿಯಾ ನೆಡುವುದಕ್ಕೆ ತಡೆ ಹಾಕಬೇಕಾಯಿತು. ಈಗ ಅದೇ ಆತುರ ಬೀದಿಗೆ ಬಂದಿದೆ. ಕೆಲವು ರಾಜ್ಯಗಳು ದೂರವಿಟ್ಟ ಕೊನೊಕಾರ್ಪಸ್ ಕೂಡ ನರ್ಸರಿಗಳಲ್ಲಿ ಕಾಣುತ್ತದೆ. ಗುಜರಾತ್ 2023ರಲ್ಲಿಯೇ ಅದನ್ನು ನಿಷೇಧಿಸಿತು. ಹೊಂಗೆ, ಬೇವು, ನೇರಳೆ, ಅತ್ತಿ, ಹುಣಸೆ ಇಲ್ಲಿನ ಬಿಸಿಲನ್ನು ತಲೆಮಾರುಗಳಿಂದ ಬಲ್ಲವು. ವಿದ್ಯುತ್ ತಂತಿಯ ಕೆಳಗೆ ಆಲ ನೆಟ್ಟು ಐದು ವರ್ಷದ ಮೇಲೆ ಬೋಳಿಸುವುದಕ್ಕಿಂತ ಅಲ್ಲಿ ಕರಿಬೇವೋ ದಾಸವಾಳವೋ ಹಾಕುವುದು ಲೇಸು. ಇದು ಕಚೇರಿಯಲ್ಲಿ ಕೂತ ಟೆಂಡರಿಗೆ ತಿಳಿಯದು, ಆ ಬೀದಿಯಲ್ಲಿ ಇರುವವರಿಗೆ ತಿಳಿಯುತ್ತದೆ.

ಒಂದು ಗಿಡವನ್ನು ಕಾದುಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಉದಾಹರಣೆ ಇದೆ. ಅಲ್ಲಿನ ರೈತ ಎಸ್.ಎಸ್. ಪರಮೇಶ ಅವರ ತೋಟದಲ್ಲಿ ತಂದೆ ಸಿದ್ದಪ್ಪ ಬೆಳೆಸಿದ ಒಂದು ಹಲಸಿನ ಮರ. ಹಣ್ಣು ಎರಡೂವರೆ ಕೆ.ಜಿ. ಆಸುಪಾಸು, ತೊಳೆ ತಾಮ್ರಗೆಂಪು. ತುಮಕೂರು ಬಳಿಯ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕೆ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ, ಅದರಲ್ಲಿ ಲೈಕೋಪೀನ್ ಹೆಚ್ಚಿರುವುದನ್ನು ಕಂಡುಕೊಂಡು, ‘ಸಿದ್ದು’ ಎಂದು ಹೆಸರಿಟ್ಟರು. 2017ರಲ್ಲಿ ರೈತರೊಂದಿಗೆ ಒಪ್ಪಂದವಾಯಿತು. ಕಸಿ ಸಸಿ ಮಾರಾಟದಿಂದ ಬರುವ ಹಣದಲ್ಲಿ ಶೇ 75 ಪಾಲು ರೈತನಿಗೆ. ಮೂವತ್ತೈದು ವರ್ಷ ಆ ಮರವನ್ನು ಯಾರೂ ಕಡಿಯದೇ ಇದ್ದುದರಿಂದ ಇಷ್ಟೆಲ್ಲ ಸಾಧ್ಯವಾಯಿತು.

ಹಾಗೆಂದು ಕಂಡಕಂಡಲ್ಲಿ ಗುಂಡಿ ತೋಡುವುದೂ ಸಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನ ಕೃಷ್ಣಮೃಗಗಳ ಬಗ್ಗೆ ದನಿ ಎತ್ತಿದವರಲ್ಲಿ ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನ ಸ್ವಯಂಸೇವಕರಿದ್ದರು. 2007ರಲ್ಲಿ 798 ಎಕರೆ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಹುಲ್ಲು ಬಯಲನ್ನು ಬಯಲಾಗಿಯೇ ಉಳಿಸಬೇಕು, ಮರ ತುಂಬಿದರೆ ಕೃಷ್ಣಮೃಗಕ್ಕೆ ಜಾಗವಿಲ್ಲ. ಕುಣಿಗಲ್‌ನದು ಇನ್ನೊಂದು ಬಗೆ. ಟಿಪ್ಪು ಸುಲ್ತಾನನ ಕಾಲದ ನಂಟಿರುವ, ನಾನೂರು ಎಕರೆಗೂ ಮಿಗಿಲಾದ ಸ್ಟಡ್ ಫಾರಂ ಅಲ್ಲಿ ಊರಿನ ಪಕ್ಕದಲ್ಲೇ ಇದೆ. ಅಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾವ ಬಂದಾಗ ವಿರೋಧದ ಮಾತುಗಳು ಕೇಳಿಬಂದವು. ಆ ಊರಿನ ಹಸಿರು ಪ್ರೇಮಿಗಳಿಗೆ ಹೊಸ ಸಸಿಗಿಂತ ದೊಡ್ಡ ಕೆಲಸ ಹಳೆಯ ಮರಗಳ ಪಟ್ಟಿ ಮಾಡುವುದು. ಯಾವ ಮರ, ಎಲ್ಲಿದೆ, ಸುತ್ತಳತೆ ಎಷ್ಟು ಎಂದು ಬರೆದಿಟ್ಟ ಒಂದು ನೋಟ್‌ಬುಕ್ ನಾಳೆ ದಾಖಲೆಯಾಗುತ್ತದೆ.

ತೆರಿಗೆ ಕಟ್ಟುವ ಜನರೇ ಗಿಡಕ್ಕೆ ನೀರನ್ನೂ ಹೊರಬೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ತಪ್ಪಲ್ಲ. ಸಂಘಗಳನ್ನು ಬಿಟ್ಟಿ ಆಳುಗಳಂತೆ ನಡೆಸಿಕೊಳ್ಳುವ ಅಪಾಯ ನಿಜವಾಗಿಯೂ ಇದೆ. ಅದಕ್ಕೇ ಹೊಣೆಯ ಜೊತೆಗೆ ಹಕ್ಕೂ ಬರಹದಲ್ಲಿ ಇರಬೇಕು. ಗಿಡ ಯಾವುದೆಂದು ಆರಿಸುವ ಹಕ್ಕು, ವಹಿಸಿಕೊಂಡ ಬೀದಿಯಲ್ಲಿ ಕೊಂಬೆ ಕಡಿಯುವ ಮುನ್ನ ತಿಳಿಯುವ ಹಕ್ಕು, ಬುಡದ ಸುತ್ತ ಸಿಮೆಂಟ್ ಸುರಿಯುವುದನ್ನು ತಡೆಯುವ ಹಕ್ಕು. ಮರದ ಸುತ್ತ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟ್ ಇರಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿಯೇ ದೆಹಲಿಗೆ ಆದೇಶಿಸಿತ್ತು. ಸ್ಮಾರ್ಟ್ ಸಿಟಿಯಾದ ತುಮಕೂರಿನ ಪಾದಚಾರಿ ಮಾರ್ಗಗಳಲ್ಲೂ ಆ ಅಳತೆಯ ಟೇಪು ಹಿಡಿದು ನೋಡುವವರು ಬೇಕು. ಸಂಬಳದ ಮಾಲಿಗಳ ಕೆಲಸ ಪಾರ್ಕಿನೊಳಗೆ ಮುಂದುವರಿಯಲಿ, ಬೀದಿಯ ಅನಾಥ ಸಸಿಗಳಿಗೆ ಸಂಘಗಳು ದಿಕ್ಕಾಗಲಿ.

ತುಮಕೂರು ಪಾಲಿಕೆಯಿಂದಲೂ ಗುಬ್ಬಿ, ಕುಣಿಗಲ್ ಊರುಗಳ ಸ್ಥಳೀಯ ಸಂಸ್ಥೆಗಳಿಂದಲೂ ಜನ ಕೇಳಬೇಕಾದದ್ದು ಸಣ್ಣದು. ಮುಂದಿನ ಜೂನ್ 5ರಂದು ಶಾಮಿಯಾನ ಹಾಕಲಿ, ಭಾಷಣವೂ ಇರಲಿ. ಆದರೆ ಅತಿಥಿಗಳ ಕೈಗೆ ಸಸಿ ಕೊಡುವ ಮುನ್ನ ಒಬ್ಬ ಅಧಿಕಾರಿ ಎದ್ದು ನಿಂತು, ಹೋದ ವರ್ಷ ನೆಟ್ಟದ್ದೆಷ್ಟು, ಇಂದು ಉಳಿದಿರುವುದೆಷ್ಟು ಎಂದು ವಾರ್ಡ್‌ವಾರು ಓದಲಿ. ತುಮಕೂರಿನಲ್ಲಿ ಇರುವುದು 35 ವಾರ್ಡ್, ಓದಲು ಐದು ನಿಮಿಷ ಸಾಕು.